ಆಯ್ತಪ್ಪ

ಅಡುಗೆಮನೆಯಿಂದ ಎರಡು ಚಪ್ಪಾಳೆ ಕೇಳಿಸಿದಾಗ ಅವನು ಬಚ್ಚಲಿನ ಕನ್ನಡಿಯೆದುರು ಅರ್ಧ ಗಡ್ಡ ಹೆರೆದುಕೊಂಡು ನಿಂತಿದ್ದ. ಎರಡು ಚಪ್ಪಾಳೆ ಅಂದರೆ ಬನ್ನಿ ಎಂದು. ಒಂದೇ ಆದರೆ ಹೂಂ. ಬಿಡದೆ ತಟ್ಟಿದರೆ ಏನೋ ಉಕ್ಕಿದೆ, ಒಡೆದಿದೆ, ಇಲ್ಲವೇ ಅವನ ಮೇಲೆ ಸಿಟ್ಟು ಬಂದಿದೆ. ಹೆಂಡತಿಯ ಗಂಟಲಿನ ಆಪರೇಷನ್ ಆದಮೇಲೆ ಮನೆಯಲ್ಲಿ ತಾನಾಗಿಯೇ ಹುಟ್ಟಿಕೊಂಡ ಈ ಭಾಷೆಗೆ ಅವನ ಕಿವಿ ಎಷ್ಟು ಒಗ್ಗಿಹೋಗಿತ್ತೆಂದರೆ ಬೀದಿಯಲ್ಲಿ ಯಾರಾದರೂ ಕೈಯ ಧೂಳು ಕೊಡವಿದರೂ ತಿರುಗಿ ನೋಡುತ್ತಿದ್ದ. ಈಗ ಮಾತ್ರ ಕೇಳಿಸದವನ ಹಾಗೆ ನಲ್ಲಿ ತಿರುಗಿಸಿದ. ನೀರಿನ ಸದ್ದಿನಲ್ಲಿ ಕೇಳಲಿಲ್ಲ ಅಂದರೆ ಯಾರಾದರೂ ನಂಬುವ ಮಾತೇ. ಇಂಥ ಚಿಲ್ಲರೆ ಕಳ್ಳತನಗಳಲ್ಲಿ ಅವನು ಈಚೆಗೆ ಚೆನ್ನಾಗಿ ಪಳಗಿದ್ದ. ಆದರೆ ಅವಳು ಬಿಡುವವಳೇ? ಬಾಗಿಲಿಗೇ ಬಂದು ನಿಂತಳು. ಕೈಯಲ್ಲಿ ಮಕ್ಕಳ ಸ್ಲೇಟು, ಕಿವಿಯ ಹಿಂದೆ ಬಳಪ. ಬರೆದುಕೊಂಡೇ ಬಂದಿದ್ದಳು: 'ದನಿಯವರು ಮೆಸೇಜ್ ಮಾಡಿದಾರೆ. ನಮ್ಮ ಸರದಿ ಬಂತಂತೆ. ಸಂಜೆಯೊಳಗೆ ಕಳಿಸ್ಬೇಕಂತೆ.' ಅವನು ಓದಿದ್ದನ್ನು ನೋಡಿ ಅಂಗೈಯಿಂದ ಒರೆಸಿ, ಸ್ಲೇಟನ್ನು ಗೋಡೆಗೆ ಆನಿಸಿ ಮತ್ತೆ ಬರೆದಳು: 'ಇದೆ ತಾನೇ?'

"ಇದೆ" ಎಂದ.

ಅವಳು ಎರಡು ಬೆರಳು ಚಾಚಿ ಅವನ ಗಂಟಲಿನ ಮೇಲೆ, ನೊರೆಯ ನಡುವೆಯೇ ಇಟ್ಟಳು. ಇದೂ ಆಪರೇಷನ್ ಆದಮೇಲೆ ಬಂದ ಅಭ್ಯಾಸ. ಮೊದಲ ಸಲ ಹಾಗೆ ಮಾಡಿದಾಗ ಸ್ಲೇಟಿನಲ್ಲಿ, 'ನಿಮ್ಮ ಎಂಜಿನ್ ಆದ್ರೂ ಓಡ್ತಾ ಇದೆಯಾ ನೋಡ್ದೆ' ಎಂದು ಬರೆದು ಭುಜ ಕುಣಿಸಿ ನಕ್ಕಿದ್ದಳು. ಅವಳ ನಗುವಿಗೆ ಈಗ ಸದ್ದಿಲ್ಲ, ಭುಜವಷ್ಟೇ. ಕತ್ತಿನ ತಳದಲ್ಲಿ ಉಸಿರಾಡಲೆಂದು ಮಾಡಿದ ತೂತಿಗೆ ಇಳಿಬಿಟ್ಟ ತೆಳುಬಟ್ಟೆ ಒಳಕ್ಕೂ ಹೊರಕ್ಕೂ ಆಡುತ್ತದೆ. ಗದ್ದ ಎತ್ತಿ, ಇನ್ನೊಂದು ಸಲ ಹೇಳಿ ಎಂದು ಸನ್ನೆ ಮಾಡಿದಳು. "ಇದೆ ಕಣೇ, ಎಷ್ಟು ಸಲ ಹೇಳೋದು? ಎಲ್ಲಿಗೆ ಹೋಗುತ್ತೆ ಅದು, ಕಾಲು ಬಂದಿದೆಯಾ?" ಎಂದು ರೇಗಿದ. ಬೆರಳಿಗೆ ಹತ್ತಿದ ನೊರೆಯನ್ನು ಅವನ ಬನಿಯನ್ನಿಗೇ ಒರೆಸಿ ಅವಳು ಹೋದಳು. ಈ 'ಇದೆ ತಾನೇ' ಒಂದು ತಿಂಗಳಿಂದ ಜಾಸ್ತಿಯಾಗಿದೆ ಎಂದುಕೊಂಡ. ಊಟಕ್ಕೆ ಕೂತಾಗ, ಲೈಟು ಆರಿಸುವ ಮೊದಲು, ಒಮ್ಮೆ ಅವನು ಸೀನುತ್ತಿರುವಾಗಲೂ. ಕೆನ್ನೆಯ ಮೇಲೆ ಸಣ್ಣಗೆ ರಕ್ತ ಜಿನುಗುತ್ತಿದ್ದುದನ್ನು ಆಮೇಲೆ ನೋಡಿದ.

ಅವನಿಗೆ ಆಯ್ತಪ್ಪ ಎಂದು ಹೆಸರಿಟ್ಟವಳು ಅವಳೇ. ಹುಟ್ಟಿದಾಗ ಇಟ್ಟ ಹೆಸರು ರೇಷನ್ ಕಾರ್ಡಿಗೂ ಆಫೀಸಿಗೂ ಮೀಸಲು. ಮದುವೆಯಾದ ಹೊಸದರಲ್ಲಿ ಬಲ್ಬು ಹಾಕಿದಿರಾ ಎಂದರೆ ಆಯ್ತು, ಬಿಲ್ಲು ಕಟ್ಟಿದಿರಾ ಎಂದರೆ ಆಯ್ತು, ನಿಮ್ಮಣ್ಣನಿಗೆ ಫೋನ್ ಮಾಡಿದಿರಾ ಎಂದರೆ ಆಯ್ತು ಎನ್ನುತ್ತಿದ್ದ. ಹೋಗಿ ನೋಡಿದರೆ ಬಲ್ಬು ಡಬ್ಬಿಯಲ್ಲೇ ಬೆಚ್ಚಗಿರುತ್ತಿತ್ತು. ಸುಳ್ಳು ಹೇಳಬೇಕೆಂಬ ಆಸೆಯೇನಲ್ಲ. ಮನಸ್ಸಿನಲ್ಲಿ ಕೆಲಸ ಆಗಲೇ ಮುಗಿದಿರುತ್ತಿತ್ತು, ಕೈ ಅದನ್ನು ಹಿಂಬಾಲಿಸುವುದೊಂದು ಬಾಕಿ. "ಬಾರಪ್ಪ ಆಯ್ತಪ್ಪ, ಬಲ್ಬಿಗೆ ನೀನು ಹೇಳಿದ್ದು ಕೇಳಿಸ್ಲಿಲ್ಲವಂತೆ" ಎಂದು ಅವಳು ಕೂಗಿದರೆ ಅಕ್ಕಪಕ್ಕದ ಮನೆಯವರೂ ನಗುತ್ತಿದ್ದರು, ಅಂಥ ದನಿ. ಬಸ್ ಡಿಪೋದ ಕಂಟ್ರೋಲ್ ರೂಮಿನಲ್ಲಿ ವೈರ್‌ಲೆಸ್ ಹಿಡಿದು ಕೂತು ಅವಳು ಇಡೀ ಊರಿನ ಬಸ್ಸುಗಳನ್ನು ಆಡಿಸುತ್ತಿದ್ದಳು. ಮೀಸೆ ಹೊತ್ತ ಡ್ರೈವರುಗಳು ಅಕ್ಕ ಅಕ್ಕ ಎಂದು ನಡುಗುತ್ತಿದ್ದರು. ಅವನೂ ಡ್ರೈವರ್ ಬರೆಯುವವನು, ಕಂಪ್ಯೂಟರಿಗೂ ಡಿಸ್ಕುಗಳಿಗೂ ನಡುವೆ ನಿಂತು ಕೆಲಸ ಹಂಚುವ ಪ್ರೋಗ್ರಾಂ ಅದು. "ನಾನು ಒಂದು ಡಿಪೋ ಡ್ರೈವರುಗಳನ್ನ ಸಂಭಾಳಿಸ್ತೀನಿ, ನಮ್ಮೆಜಮಾನ್ರು ಒಂದು ಡ್ರೈವರಿಗೇ ಸುಸ್ತು" ಎಂದು ನೆಂಟರ ಮುಂದೆ ಕಾಲೆಳೆಯುತ್ತಿದ್ದಳು. ಡ್ಯೂಟಿ ಮುಗಿದರೂ ಕೊನೆಯ ಬಸ್ಸು ಸೇರುವ ತನಕ ಅವಳು ಏಳುತ್ತಿರಲಿಲ್ಲ. ಕರೆತರಲು ಹೋದ ಇವನು ಬೆಂಚಿನ ಮೇಲೆ ಆಕಳಿಸುತ್ತಾ, ಬಂದಿರುತ್ತೆ ಬಾರೇ ಎಂದರೆ, ಮೈಕಿನ ಮೇಲೆ ಕೈ ಮುಚ್ಚಿ, "ಬಂದಿರುತ್ತೆ ಅಂತ ನಾವು ಅಂದ್ಕೊಂಡ್ರೆ ಆಗಲ್ಲ ರೀ. ಬಂದೆ ಅಂತ ಅವನ ಬಾಯಿಂದಲೇ ಕೇಳ್ಬೇಕು" ಎನ್ನುತ್ತಿದ್ದಳು. ಆಗ ಅವನಿಗೆ ಬರೀ ಹಸಿವಿನ ಚಿಂತೆ.

ಶೂ ಹಾಕಿಕೊಳ್ಳುತ್ತಿರುವಾಗ ಕರೆಗಂಟೆ ಸದ್ದಾಯಿತು. ಪಾರ್ಸೆಲ್ ತಂದವನು. ಅವಳು ಬಾಗಿಲು ತೆರೆದು ಕತ್ತಿನ ಬಟ್ಟೆ ತೋರಿಸಿ, ಮಾತಾಡಲು ಆಗುವುದಿಲ್ಲವೆಂದು ಕೈಯಾಡಿಸಿದ್ದೇ ತಡ, ಅವನು ಕಟ್ಟಡವೇ ಅದುರುವ ಹಾಗೆ, "ಅಮ್ಮಾ, ಇಲ್ಲಿ! ಸೈನ್! ಸೈನ್!" ಎಂದು ಅರಚತೊಡಗಿದ. ಅವಳು ಸಮಾಧಾನವಾಗಿ ಸ್ಲೇಟಿನಲ್ಲಿ 'ಕಿವಿ ಗಟ್ಟಿಯಾಗಿದೆ, ಮೆಲ್ಲಗೆ ಹೇಳಪ್ಪ' ಎಂದು ಬರೆದು ಹಿಡಿದಳು. ಅವನು ಓದಿ ಇನ್ನೂ ಜೋರಾಗಿ, "ಸಾರಿ ಅಮ್ಮಾ!" ಎಂದ. ಅವಳ ಭುಜ ಕುಣಿಯಿತು. ನಕ್ಕಳು ಎಂದುಕೊಂಡು ಇವನೂ ನಕ್ಕ. ಆಮೇಲೆ ನೋಡಿದರೆ ಅವಳು ಗೋಡೆಗೆ ಮುಖ ಮಾಡಿ ನಿಂತಿದ್ದಳು, ಭುಜ ಇನ್ನೂ ಹಾಗೇ ಕುಣಿಯುತ್ತಿತ್ತು. ಅಳುವಿಗೂ ನಗುವಿಗೂ ಒಂದೇ ಭುಜವಾಗಿ ಹೋಗಿತ್ತು. ಇವತ್ತು ಕಳಿಸಿಬಿಟ್ಟರೆ ಇದೆಲ್ಲ ಮುಗಿಯಿತು ಎಂದು ಸಮಾಧಾನ ಹೇಳಲು ಬಾಯಿ ತೆರೆದವನು, ಹೇಳದೆ, ಶೂವಿನ ಲೇಸು ಇನ್ನೊಮ್ಮೆ ಬಿಚ್ಚಿ ಕಟ್ಟಿದ.

ದನಿಯವರು ಅಂದರೆ ಒಂದು ಲ್ಯಾಬಿನವರು. ಆಪರೇಷನ್‌ಗೆ ಮೊದಲು ಆಸ್ಪತ್ರೆಯಲ್ಲಿ ಮಾತು ಕಲಿಸುವ ಮೇಡಂ ಹೇಳಿದ್ದರು: ಗಂಟಲು ಹೋದರೂ ದನಿ ಹೋಗಬೇಕಾಗಿಲ್ಲ, ಈಗಲೇ ಸಾಕಷ್ಟು ರೆಕಾರ್ಡ್ ಮಾಡಿಟ್ಟುಕೊಳ್ಳಿ, ಅದನ್ನು ಕೊಟ್ಟರೆ ಅವರು ಒಂದು ಯಂತ್ರದ ದನಿ ಮಾಡಿಕೊಡುತ್ತಾರೆ, ಇವರು ಬೆರಳಲ್ಲಿ ಬರೆದದ್ದನ್ನು ಅದು ಇವರದೇ ದನಿಯಲ್ಲಿ ಆಡುತ್ತದೆ. ಅವಳಿಗೆ ಅದೊಂದೇ ಆಸರೆ. ಮಲಗುವ ಕೋಣೆಯ ಕಿಟಕಿಗೆಲ್ಲ ಕಂಬಳಿ ಹೊದಿಸಿ, ಫ್ಯಾನ್ ಆರಿಸಿ, ಬೆವರುತ್ತಾ ಮಂಚದ ಮೇಲೆ ಕೂತು ಅವಳು ಆ ಲ್ಯಾಬಿನವರು ಕೊಟ್ಟ ವಾಕ್ಯಗಳನ್ನು ಒಂದೊಂದಾಗಿ ಓದಿದಳು. ಗಂಟಲು ಆಗಲೇ ಕರಕರ ಎನ್ನುತ್ತಿತ್ತು. ಪ್ರತಿ ವಾಕ್ಯಕ್ಕೂ ಮುಂಚೆ, ಮೈಕ್ ಹಿಡಿದು ಬಂದ ಅಭ್ಯಾಸ, ಬಾಯಿಂದ ಪುಟ್ಟದಾಗಿ ಉಸಿರೆಳೆದುಕೊಳ್ಳುವಳು. ಅವರು ಕೊಟ್ಟದ್ದು ಮುಗಿದ ಮೇಲೆ ತನ್ನ ಕಡೆಯಿಂದಲೂ ಸೇರಿಸಿದಳು: ರೀ, ಎದ್ದೇಳ್ರೀ, ಸೂರ್ಯ ನೆತ್ತಿಗೆ ಬಂದ. ಯಾವ ರೂಟು, ಯಾಕೆ ಲೇಟು? ಬಾರಪ್ಪ ಆಯ್ತಪ್ಪ. ಕೊನೆಗೆ ಬೈಗುಳಗಳನ್ನೂ ಬಿಡಲಿಲ್ಲ. "ಇವು ಬೇಕೇ ಬೇಕು ರೀ. ಬೈಯೋಕಾಗ್ದೆ ಇದ್ರೆ ನಿಮ್ಮ ಜೊತೆ ಸಂಸಾರ ಮಾಡೋದು ಹೇಗೆ?" ಎಂದಳು. ಅದು ಅವಳು ಇಡೀ ವಾಕ್ಯವಾಗಿ ಆಡಿದ ಕೊನೆಯ ಮಾತುಗಳಲ್ಲೊಂದು ಎಂದು ಅವನಿಗೆ ಆಗ ಹೊಳೆಯಲಿಲ್ಲ, ರೆಕಾರ್ಡರ್ ಆರಿಸಿಬಿಟ್ಟಿದ್ದ.

ಅದನ್ನೆಲ್ಲ ಅವನು ಇಟ್ಟದ್ದು ಮನೆಯ ಸಾಮಾನು ಕೋಣೆಯಲ್ಲಿ, ಹಳೆಯ ಸೂಟ್‌ಕೇಸುಗಳ ಪಕ್ಕದಲ್ಲಿ ಗುಂಯ್‌ಗುಡುವ ಮೂರು ಡಿಸ್ಕುಗಳ ಪೆಟ್ಟಿಗೆಯಲ್ಲಿ. ಅದನ್ನು ನಡೆಸುವುದು ಅವನೇ ಬರೆದ ಡ್ರೈವರ್. ಜಾಗ ಉಳಿಯಲೆಂದು ಒಂದೊಂದು ಫೈಲನ್ನೂ ಒತ್ತಿ ಚಿಕ್ಕದು ಮಾಡಿ ಇಟ್ಟಿದ್ದ. ಹಾಗೆ ಒತ್ತಿದ ಫೈಲು ನಡುವೆ ಎಲ್ಲಾದರೂ ಕೆಟ್ಟರೆ ಅಲ್ಲಿಂದ ಮುಂದಕ್ಕೆ ಬಿಚ್ಚಿಕೊಳ್ಳುವುದಿಲ್ಲ, ಗೊತ್ತಿತ್ತು. ಆದರೆ ಕೆಡುವುದು ಹೇಗೆ? "ಇನ್ನೊಂದು ಕಡೆನೂ ಇಟ್ಟಿದ್ದೀರಾ?" ಎಂದು ಅವಳು ಕೇಳಿದಾಗ ಅವನು ಎದೆ ಉಬ್ಬಿಸಿ, "ಮೂರು ಡಿಸ್ಕಿದೆ ಕಣೇ. ಒಂದು ಸತ್ರೆ ಉಳಿದೆರಡು ಸೇರಿ ಅದರದ್ದೂ ಹೇಳುತ್ತವೆ. ಊರೆಲ್ಲ ನನ್ನ ಡ್ರೈವರ್ ನಂಬಿದೆ, ನೀನು ನಂಬಲ್ವಾ?" ಎಂದಿದ್ದ. ರೆಕಾರ್ಡ್ ಮಾಡಿದ ಫೋನಿನಲ್ಲಿದ್ದುದನ್ನು ಆ ಸಂಜೆಯೇ ಅಳಿಸಿದ. ಅವಳಿಗೆಂದು ಕಂಪ್ಯೂಟರಿನ ಮೇಲೆ ಒಂದು ಗುಂಡಿ ಮಾಡಿಟ್ಟು, ಇದನ್ನು ಒತ್ತಿದರೆ ಸಾಕು, ನಿನ್ನ ದನಿ ಕೇಳಿಸುತ್ತೆ ಎಂದು ತೋರಿಸಿದ್ದ. ಆಪರೇಷನ್ ಆದ ಮೇಲೆ ಅವಳು, 'ನಾನು ಕೇಳಲ್ಲಪ್ಪ. ಸತ್ತವರ ದನಿ ಕೇಳಿದ ಹಾಗಾಗುತ್ತೆ' ಎಂದು ಬರೆದಳು. ಅವನಿಗೆ ಆಗ ಬೇಸರವಾಗಿತ್ತು. ಈಗ ಅದೇ ಮಾತನ್ನು ನೆನೆಸಿಕೊಂಡು ಧೈರ್ಯ ತಂದುಕೊಳ್ಳುತ್ತಿದ್ದ, ಅವಳು ಕೇಳುವುದಿಲ್ಲ, ಕೇಳುವುದಿಲ್ಲ ಎಂದು.

ಬಸ್ಸಿನಲ್ಲಿ ನಿಂತು, ಕಂಬಿಗೆ ಜೋತುಬಿದ್ದು, ಅವನ ತಲೆ ಮತ್ತೆ ತಾನು ಬರೆದ ಆ ಪ್ರೋಗ್ರಾಮಿಗೇ ಹೋಯಿತು, ನಾಲಿಗೆ ಹುಳುಕುಹಲ್ಲಿಗೆ ಹೋಗುವ ಹಾಗೆ. ಮೇಲಿನಿಂದ, ಅಂದರೆ ಕಂಪ್ಯೂಟರಿನಿಂದ, ಒಂದು ಕೆಲಸ ಬರುತ್ತದೆ: ಇದನ್ನು ಬರೆದಿಡು. ಡ್ರೈವರ್ ಅದನ್ನು ತುಂಡು ಮಾಡಿ ಡಿಸ್ಕುಗಳಿಗೆ ಹಂಚುತ್ತದೆ. ಜೊತೆಗೆ ಪ್ಯಾರಿಟಿ ಎಂಬ ಇನ್ನೊಂದು ತುಂಡು, ಸತ್ತ ಡಿಸ್ಕಿನಲ್ಲಿ ಏನಿತ್ತೆಂದು ಲೆಕ್ಕಹಾಕಿ ಹೇಳುವುದು ಅದೇ. ಡಿಸ್ಕುಗಳು ಒಂದರ ಮುಖ ಒಂದು ನೋಡದೆ ತಮ್ಮ ತಮ್ಮ ಪಾಡಿಗೆ ದುಡಿದು, ಮುಗಿದಾಗ ಬಂದು ಹೇಳುತ್ತವೆ. ಡೇಟಾದ ತುಂಡುಗಳು ಮುಗಿದ ಮೇಲೆ ಅವುಗಳ ಹಿಂದೆ ಪ್ಯಾರಿಟಿ ಹೊರಡಬೇಕು. ಯಾವುದು ಕಟ್ಟಕಡೆಗೆ ಬರುತ್ತದೋ ಅದರ ಹೊಣೆ ಮೇಲಕ್ಕೆ ಹೋಗಿ ಆಯ್ತು ಅನ್ನುವುದು. ಆ ಒಂದು ಮಾತಿಗಾಗಿ ಮೇಲಿನವರು ಕಾಯುತ್ತಿರುತ್ತಾರೆ. ಆ ಮಾತು ಬಂದಮೇಲೆ ಯಾರೂ ಕೆಳಗೆ ಇಣುಕಿ ನೋಡುವುದಿಲ್ಲ, ನಂಬಿ ಹೊರಟುಹೋಗುತ್ತಾರೆ. ಕಾಯುವುದೇ ನಿಧಾನಕ್ಕೆ ಕಾರಣ ಎಂದು ಕಂಡುಹಿಡಿದವನು ಅವನು. ಡೇಟಾ ತಲುಪಿದ ಕೂಡಲೇ ಆಯ್ತು ಅಂದುಬಿಡೋಣ, ಪ್ಯಾರಿಟಿ ಹಿಂದಿನಿಂದ ಹೋಗಿ ಸೇರಿಕೊಳ್ಳುತ್ತದೆ, ಸೇರದೆ ಎಲ್ಲಿಗೆ ಹೋಗುತ್ತದೆ? ಡ್ರೈವರ್ ಹಾರಿಹೋಗುವ ಹಾಗೆ ಓಡಿತು. ಆಫೀಸಿನಲ್ಲಿ ಚಪ್ಪಾಳೆ ತಟ್ಟಿದರು. ಆಗ ಚಪ್ಪಾಳೆಯೆಂದರೆ ಬರೀ ಚಪ್ಪಾಳೆ. ಗಿರಾಕಿಗಳಿಗೆ ಕೊಡುವ ಮುನ್ನ ಮೊದಲು ನನ್ನ ಮನೆಯಲ್ಲೇ ಓಡಲಿ ಎಂದು ಅದನ್ನು ತಂದು ಸಾಮಾನು ಕೋಣೆಯ ಪೆಟ್ಟಿಗೆಗೆ ಹಾಕಿದ್ದ. ಅದರ ಮೇಲೆಯೇ ಅವಳ ವಾಕ್ಯಗಳನ್ನೆಲ್ಲ ಬರೆದದ್ದು. ಅವಳು ಆಸ್ಪತ್ರೆಯಲ್ಲಿದ್ದಾಗ ಮೂರರಲ್ಲಿ ಒಂದು ಡಿಸ್ಕು ಸತ್ತಿತು. ಬಟ್ಟೆ ಒಯ್ಯಲು ಮನೆಗೆ ಬಂದವನು ಹೊಸದೊಂದನ್ನು ತುರುಕಿ, ಉಳಿದೆರಡರಿಂದ ಅದು ತುಂಬಿಕೊಂಡು ಹಸಿರು ದೀಪ ಹತ್ತಿದ್ದನ್ನು ನೋಡಿ, ನೆಮ್ಮದಿಯಾಗಿ ಆಸ್ಪತ್ರೆಗೆ ವಾಪಸಾದ. ದೀಪ ಇವತ್ತಿಗೂ ಹಸಿರೇ.

ಆಫೀಸಿನಲ್ಲಿ ಅವನ ಕೈಕೆಳಗೆ ಒಬ್ಬಳು ಹುಡುಗಿಯಿದ್ದಾಳೆ, ಯಾರ ಕೋಡಿನಲ್ಲೂ ಏನಾದರೊಂದು ಎತ್ತಿ ತೋರಿಸದೆ ಬಿಡುವುದಿಲ್ಲವೆಂದು ಎಲ್ಲರೂ ಕೊಕ್ಕೆ ಎಂದು ಕರೆಯುತ್ತಾರೆ. ಅವಳ ಎದುರಿಗೇ ಕರೆದರೂ ಅವಳಿಗೆ ಬೇಜಾರಿಲ್ಲ. ಹೋದ ತಿಂಗಳು ಒಂದು ಗಿರಾಕಿಯಿಂದ ದೂರು ಬಂದಿತ್ತು: ಡಿಸ್ಕು ಬದಲಾಯಿಸಿದ ಮೇಲೆ ಹಳೆಯ ಫೈಲುಗಳು ಹೆಸರಿಗೆ ಇವೆ, ಒಳಗೆ ಕಸ. ದೂರನ್ನು ಓದುತ್ತಿರುವಾಗಲೇ, ತಪ್ಪು ತನ್ನ ಕೋಡಿನ ಯಾವ ಸಾಲಿನಲ್ಲಿದೆ ಎಂದು ಅವನಿಗೆ ಕೂತ ಕುರ್ಚಿಯಲ್ಲೇ ಗೊತ್ತಾಗಿಹೋಗಿತ್ತು. ಆದರೂ, ಡಿಸ್ಕು ಹಾಕುವವರು ಏನೋ ಎಡವಟ್ಟು ಮಾಡಿರುತ್ತಾರೆ, ನೋಡಮ್ಮ ಎಂದು ಕೊಕ್ಕೆಯ ಕಡೆ ತಳ್ಳಿದ್ದ. ಅವಳು ನೋಡಿದಳು. ತಿಂಗಳಿಡೀ ನೋಡಿದಳು. ಇವತ್ತು ಮೀಟಿಂಗಿನಲ್ಲಿ ಮ್ಯಾನೇಜರು, ಇನ್ನಿಬ್ಬರು, ಎಲ್ಲರ ಮುಂದೆ ಎದ್ದು ಬೋರ್ಡಿನ ಮೇಲೆ ವೃತ್ತಗಳನ್ನು ಬರೆದು ಬಾಣ ಎಳೆಯತೊಡಗಿದಳು. ಅವನು ಕಾಫಿ ಕಪ್ಪಿನ ಅಂಚನ್ನು ಉಗುರಿನಿಂದ ಕೆರೆಯುತ್ತಾ ಕೂತ.

"ಸರ್, ಇಲ್ಲಿ ನೋಡಿ. ಡೇಟಾ ಬರೆದಾಯ್ತು, ಮೇಲಿನವರಿಗೆ ಆಯ್ತು ಅಂತ ಹೇಳಿಬಿಟ್ವಿ. ಅವರು ನಂಬಿಕೊಂಡು ಹೋದ್ರು. ಈಗ ಹಿಂದಿನಿಂದ ಹೋದ ಪ್ಯಾರಿಟಿ ಫೇಲಾಗಿ ವಾಪಸ್ ಬಂತು" ಎಂದು ಕೊನೆಯ ವೃತ್ತದ ಮೇಲೆ ಪೆನ್ನು ಕುಟ್ಟಿದಳು. "ಇದು ಯಾರ ಹತ್ರ ಹೋಗಿ ಹೇಳ್ಬೇಕು ಸರ್?"

ಯಾರೋ ಕಿಸಕ್ಕೆಂದರು. "ಗೋಡೆ ಹತ್ರ" ಎಂದ ಇನ್ನೊಬ್ಬ. ಮ್ಯಾನೇಜರು ನಗಲಿಲ್ಲ. "ಏನ್ರೀ, ಇದು ನಿಮ್ಮದೇ ಅಲ್ವಾ?" ಎಂದರು. ನಿಮ್ಮದೇ ಎಂಬುದನ್ನು ಅವರು ಮೆತ್ತಗೇ ಹೇಳಿದ್ದರು, ಅದೇ ಹೆಚ್ಚು ಚುಚ್ಚಿತು. ಅವನು ಬಾಣಗಳನ್ನೇ ನೋಡುತ್ತಿದ್ದ. ಕೊನೆಯ ವೃತ್ತದಿಂದ ಹೊರಟ ಬಾಣವನ್ನು ಕೊಕ್ಕೆ ಬೋರ್ಡಿನ ಅಂಚಿನವರೆಗೂ ಎಳೆದು ಬಿಟ್ಟಿದ್ದಳು, ಅದರಾಚೆ ಬಿಳಿಯ ಗೋಡೆ. ತಪ್ಪು ಹೇಳಿಕೊಳ್ಳಲು ಬಂದು, ಯಾರೂ ಇಲ್ಲವೆಂದು ನೋಡಿ, ಸುಮ್ಮನೆ ವಾಪಸಾಗುವ ಆ ತುಂಡಿನ ಮೇಲೆ ಅವನಿಗೆ ಇದ್ದಕ್ಕಿದ್ದಂತೆ ಕನಿಕರ ಬಂತು. ಕಣ್ಣು ತುಂಬಿಬಿಟ್ಟರೆ ಏನು ಗತಿ ಎಂದು ಗಾಬರಿಯಾಗಿ ಕೆಮ್ಮಿದ. "ಆಯ್ತು. ಸರಿ ಮಾಡ್ತೀನಿ" ಎಂದ. ಕೊಕ್ಕೆ ಬಿಡಲಿಲ್ಲ. "ಮುಂದಕ್ಕೆ ಸರಿ ಮಾಡ್ಬಹುದು ಸರ್. ಈಗಾಗ್ಲೇ ಬರೆದು ಡಿಸ್ಕು ಬದಲಾಯಿಸಿರೋರ ಕಥೆ? ಅದು ಹೋಯ್ತು ತಾನೇ?" ಅವಳದು ಕೊಂಕಲ್ಲ, ನಿಜವಾಗಿ ತಿಳಿಯಬೇಕಾಗಿತ್ತು. ಅವನು ಬಾಯಿ ತೆರೆದು, ಹೂಂ ಎಂದು ಹೇಳಬೇಕಾದ ಕಡೆ, "ಗಿರಾಕಿಗಳು ಬ್ಯಾಕಪ್ ಇಟ್ಟಿರುತ್ತಾರೆ. ಇನ್ನೊಂದು ಕಡೆ ಇಡದೆ ಇರೋಷ್ಟು ದಡ್ಡರು ಯಾರಮ್ಮ?" ಎಂದ. ಎಲ್ಲರೂ ತಲೆಯಾಡಿಸಿದರು. ಹೌದು, ಅಷ್ಟು ದಡ್ಡರು ಯಾರು.

ಅರ್ಧ ದಿನ ರಜೆ ಹಾಕಿ ಮನೆಗೆ ಬಂದ. ದಾರಿಯಲ್ಲಿ ಬಸ್ಸು ಸಿಗ್ನಲ್ಲಿನಲ್ಲಿ ನಿಂತಾಗ ಡ್ರೈವರಿನ ಪಕ್ಕದ ವೈರ್‌ಲೆಸ್ಸಿನಿಂದ ಯಾವಳೋ ಹುಡುಗಿಯ ದನಿ ಕೇಳಿಸಿತು, ತೆಳ್ಳಗೆ, ನಯವಾಗಿ, ದಯವಿಟ್ಟು ಎಂದೆಲ್ಲ ಹೇಳುತ್ತಾ. ಡ್ರೈವರ್ ಅದಕ್ಕೆ ಉತ್ತರವನ್ನೇ ಕೊಡಲಿಲ್ಲ. ಒಂದು ವೇಳೆ ಏನೂ ಆಗಿಲ್ಲದಿದ್ದರೆ? ಪ್ಯಾರಿಟಿ ಪ್ರತಿ ಸಲವೂ ಫೇಲಾಗಬೇಕೆಂದೇನಿಲ್ಲ. ಅವಳ ಫೈಲುಗಳು ತಪ್ಪಿಸಿಕೊಂಡಿರಬಹುದು. ಒಂದು ತಿಂಗಳಿಂದ ಅವನು ಬದುಕಿದ್ದು ಈ 'ಬಹುದು' ಎಂಬುದರ ಮೇಲೆಯೇ. ನೋಡದೆ ಇರುವ ತನಕ ಅದು ಇದ್ದೇ ಇದೆ. ಹಾಗಾಗಿ ನೋಡಿರಲಿಲ್ಲ. ದಿನಾ ಬೆಳಿಗ್ಗೆ ಸಾಮಾನು ಕೋಣೆಯ ಬಾಗಿಲು ಸರಿಸಿ ಹಸಿರು ದೀಪ ನೋಡಿ ಬಾಗಿಲು ಮುಚ್ಚುತ್ತಿದ್ದ, ಅಷ್ಟೇ.

ಮನೆಯಲ್ಲಿ ಅವಳು ಊಟದ ಮೇಜಿನ ಹತ್ತಿರ ಚಹಾ ಮುಂದಿಟ್ಟುಕೊಂಡು ಕೂತಿದ್ದಳು. ಬಾಯಿಂದ ಉಸಿರಿಲ್ಲವಾದ್ದರಿಂದ ಊದಿ ಆರಿಸುವ ಹಾಗಿಲ್ಲ, ಅದು ತಾನಾಗಿ ಆರುವ ತನಕ ಕಾಯಬೇಕು. ಅವನು ಬಂದದ್ದನ್ನು ನೋಡಿ ಬೇಗ ಬಂದಿರಲ್ಲ ಎಂದು ಹುಬ್ಬೇರಿಸಿದಳು. "ಕಳಿಸೋಣ ಅಂತ ಬಂದೆ" ಎಂದ. ಬಗ್ಗಿ ಅವಳ ಚಹಾವನ್ನು ಎರಡು ಸಲ ಊದಿದ. ಅವಳು ಅವನ ಮುಖವನ್ನೇ ನೋಡುತ್ತಿದ್ದಳು. ಸ್ಲೇಟಿನ ಕಡೆ ಕೈ ಹೋಗಿ, ಬರೆಯದೆ, ವಾಪಸ್ ಬಂತು.

ಸಾಮಾನು ಕೋಣೆಯ ಬಾಗಿಲು ಒಳಗಿನಿಂದ ಹಾಕಿಕೊಂಡು, ಸೂಟ್‌ಕೇಸಿನ ಮೇಲೆ ಕೂತು, ತೊಡೆಯ ಮೇಲೆ ಕಂಪ್ಯೂಟರ್ ಇಟ್ಟುಕೊಂಡ. ಫೋಲ್ಡರು ತೆರೆದ. ಇವೆ. ಎಲ್ಲ ಇವೆ. ಹೆಸರುಗಳು ಸರಿಯಾಗಿವೆ, ಗಾತ್ರ ಸರಿಯಾಗಿದೆ, ತಾರೀಖು ಸರಿಯಾಗಿದೆ. ಅಯ್ಯೋ, ಸುಮ್ಮನೆ ಹೆದರಿದೆನಲ್ಲ ಎಂದು ಒಂದು ಕ್ಷಣ ಮೈಯೆಲ್ಲ ಹಗುರವಾಯಿತು. ಹೆಡ್‌ಫೋನ್ ಹಾಕಿಕೊಂಡು ಮೊದಲನೆಯದನ್ನು ಒತ್ತಿದ. ಅವಳು ಉಸಿರೆಳೆದುಕೊಂಡಳು. ಅಷ್ಟು ಹತ್ತಿರ, ಕಿವಿಗೆ ತುಟಿಯಿಟ್ಟ ಹಾಗೆ, ಕಂಬಳಿ ಹೊದಿಸಿದ ಆ ಕೋಣೆಯ ಸೆಕೆಯೊಂದಿಗೆ, ಬಾಯಿಂದ ಪುಟ್ಟದಾಗಿ. ಆಮೇಲೆ ಜುಯ್ ಎಂದು ಒಂದು ಸದ್ದು, ಆಮೇಲೆ ಏನೂ ಇಲ್ಲ. ಎರಡನೆಯದು. ಉಸಿರು, ಜುಯ್. ಮೂರನೆಯದು. ಉಸಿರು, ತುಟಿ ಬಿಚ್ಚಿದ ಸಣ್ಣ ಸದ್ದು, ಜುಯ್. ಒತ್ತಿ ಚಿಕ್ಕದು ಮಾಡಿದ ಫೈಲಿನ ಬಾಯಿಯಷ್ಟೇ ಉಳಿದಿತ್ತು, ಮೊದಲ ಕೆಟ್ಟ ತುಂಡಿನ ತನಕ. ಅಲ್ಲಿಂದಾಚೆಗೆ ಸತ್ತ ಡಿಸ್ಕಿನ ಪಾಲನ್ನು ಹಳಸಿದ ಪ್ಯಾರಿಟಿಯಿಂದ ಲೆಕ್ಕಹಾಕಿ, ಬಲು ಶ್ರದ್ಧೆಯಿಂದ, ಕಸ ತುಂಬಿಸಿಟ್ಟಿತ್ತು ಅವನ ಡ್ರೈವರ್. ಅವನು ಬಿಡದೆ ಒತ್ತುತ್ತಾ ಹೋದ. ರೀ ಎದ್ದೇಳ್ರೀ ಎಂಬ ಹೆಸರಿನದು: ಉಸಿರು. ಯಾವ ರೂಟು: ಉಸಿರು. ಬೈಗುಳದ್ದು: ಉಸಿರು, ಸಿಟ್ಟಿನಲ್ಲಿ ಎಳೆದುಕೊಂಡದ್ದಾದ್ದರಿಂದ ತುಸು ಉದ್ದ. ಬಾರಪ್ಪ ಆಯ್ತಪ್ಪ ಎಂಬುದರಲ್ಲಿ ಬಾ ಎಂಬ ಅಕ್ಷರ ತುಟಿಯಿಂದ ಹೊರಟು ಅರ್ಧಕ್ಕೇ ಕತ್ತರಿಸಿಹೋಯಿತು. ಆ ಅರ್ಧ ಬಾ ಅನ್ನು ಅವನು ಎಷ್ಟು ಸಲ ಕೇಳಿದನೋ. ಇಡೀ ಮನೆಯಲ್ಲಿ, ಇಡೀ ಲೋಕದಲ್ಲಿ ಉಳಿದ ಅವಳ ದನಿ ಅಷ್ಟೇ. ಪೆಟ್ಟಿಗೆಯ ಹಸಿರು ದೀಪ ಅವನ ಮೊಣಕಾಲಿನ ಮೇಲೆ ಬಿದ್ದಿತ್ತು. ಅದನ್ನು ಕಿತ್ತು ಗೋಡೆಗೆ ಬಡಿಯಬೇಕೆನ್ನಿಸಿತು. ಬಡಿದರೆ ಸದ್ದಾಗುತ್ತದೆ, ಅವಳು ಬರುತ್ತಾಳೆ. ಹೆಡ್‌ಫೋನಿನ ಒಳಗೇ ತುಟಿ ಕಚ್ಚಿಕೊಂಡು ಅತ್ತ, ಕಳ್ಳನ ಹಾಗೆ.

ಹೇಳಬೇಕು. ಎದ್ದು ಹೋಗಿ ಹೇಳಬೇಕು, ಅಷ್ಟೇ, ಅದರಲ್ಲಿ ಏನಿದೆ? ಹೋಯಿತು ಕಣೇ, ನಾನೇ ಕಳೆದೆ, ನನ್ನ ಅಹಂಕಾರದಿಂದ ಕಳೆದೆ. ಅವಳು ಬೈಯಲಾರಳು. ಸ್ಲೇಟು ತುಂಬಾ ಬೈಗುಳ ಬರೆಯಬಹುದು, ಬರೆದರೆ ಬರೆಯಲಿ. ಅಥವಾ ಇವತ್ತೊಂದು ದಿನ ಕಳೆಯಲಿ. ಕಳಿಸಿದೆ ಅನ್ನೋಣ. ಲ್ಯಾಬಿನವರು ತಿಂಗಳು ತೆಗೆದುಕೊಳ್ಳುತ್ತಾರೆ. ಅಷ್ಟರಲ್ಲಿ ಏನಾದರೂ ಆಗಬಹುದು, ಅವಳ ತಮ್ಮನ ಮದುವೆಯ ವೀಡಿಯೋದಲ್ಲಿ ಎರಡು ಮಾತು ಸಿಗಬಹುದು, ಡಿಪೋದವರು ಏನಾದರೂ ಉಳಿಸಿಕೊಂಡಿರಬಹುದು. ಹೇಳುವುದು ಹಿಂದಿನಿಂದ ಹೋಗಿ ಸೇರಿಕೊಳ್ಳುತ್ತದೆ. ಈ ಮಾತು ಎಲ್ಲಿಂದ ಬಂತೆಂದು ಅವನಿಗೆ ತಕ್ಷಣ ಹೊಳೆಯಿತು. ಹೊಳೆದರೂ ಮಾತು ನಿಲ್ಲಲಿಲ್ಲ, ಅವನೊಳಗೆ ಅದು ತನ್ನ ಪಾಡಿಗೆ ಮುಂದುವರಿಯಿತು. ಮುಖ ತೊಳೆಯದೆ ಹೊರಗೆ ಹೋಗುವ ಹಾಗಿಲ್ಲ ಎಂದುಕೊಂಡು, ಅಂಗಿಯ ತುದಿಯಿಂದ ಕಣ್ಣು ಒರೆಸಿಕೊಂಡು ಬಾಗಿಲು ತೆರೆದ.

ಅವಳು ಬಾಗಿಲಿನಾಚೆಗೇ ನಿಂತಿದ್ದಳು. ಚಪ್ಪಾಳೆ ತಟ್ಟಿರಲಿಲ್ಲ. ಎಷ್ಟು ಹೊತ್ತಿನಿಂದ ನಿಂತಿದ್ದಳೋ, ಕೈಯಲ್ಲಿ ಸ್ಲೇಟು, ಅದರ ಮೇಲೆ ಒಂದೇ ಪದ: 'ಆಯ್ತಾ?'

"ಆಯ್ತು" ಎಂದ. "ಕಳಿಸಿದೆ."

ಅವಳು ಎರಡು ಬೆರಳನ್ನು ಅವನ ಗಂಟಲಿನ ಮೇಲಿಟ್ಟಳು. ಬೆರಳು ತಣ್ಣಗಿತ್ತು. ಗದ್ದ ಎತ್ತಿದಳು, ಇನ್ನೊಂದು ಸಲ.

"ಆಯ್ತು ಅಂದ್ನಲ್ಲ. ಎಲ್ಲ ಹೋಯ್ತು. ಅಂದ್ರೆ, ಅವರಿಗೆ ಹೋಯ್ತು. ಇನ್ನೇನು, ಒಂದು ತಿಂಗಳು. ಆಮೇಲೆ ಇದ್ದೇ ಇದೆ ನಿನ್ನ ಬೈಗುಳ" ಎಂದು ನಕ್ಕ. ಗಂಟಲು ಅವಳ ಬೆರಳಿನ ಕೆಳಗೆ ಒದ್ದಾಡಿದ್ದು ಅವನಿಗೇ ತಿಳಿಯಿತು.

ಅವಳು ಬೆರಳು ತೆಗೆದಳು. ಕಿವಿಯ ಹಿಂದಿನಿಂದ ಬಳಪ ತೆಗೆದು, ಬಾಗಿಲ ಚೌಕಟ್ಟಿಗೆ ಸ್ಲೇಟು ಆನಿಸಿ, ಬಹಳ ಹೊತ್ತು ಬರೆದಳು. ಬಳಪದ ಕಿರ್ ಕಿರ್ ಸದ್ದು, ಡಿಸ್ಕಿನ ಗುಂಯ್ ಸದ್ದು. ತಿರುಗಿಸಿ ತೋರಿಸಿದಳು. 'ಹೋದ ತಿಂಗಳು ನೀವು ಆಫೀಸಿಗೆ ಹೋದಾಗ ಆ ಗುಂಡಿ ಒತ್ತಿ ಕೇಳ್ದೆ. ಎಲ್ಲದ್ರಲ್ಲೂ ಬರೀ ಉಸಿರು.'

ಅವನು ಓದಿದ. ಮತ್ತೆ ಓದಿದ. ಊಟಕ್ಕೆ ಕೂತಾಗ, ಲೈಟು ಆರಿಸುವ ಮೊದಲು, ಸೀನುವಾಗ, ಇವತ್ತು ಬೆಳಿಗ್ಗೆ ಬಚ್ಚಲಿನ ಬಾಗಿಲಲ್ಲಿ. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಹಿಡಿದುಕೊಳ್ಳಲು ಅವನಿಗೆ ಏನಾದರೂ ಇರುತ್ತಿತ್ತು. ಅಂಗೈಯಿಂದ ಸ್ಲೇಟು ಒರೆಸಿ ಅವಳು ಇನ್ನೊಂದು ಸಾಲು ಬರೆದಳು.

'ನಿಮ್ಮ ಬಾಯಿಂದಲೇ ಕೇಳ್ಬೇಕು ಅಂತ ಕಾಯ್ತಿದ್ದೆ.'

ಅವನು ಹೇಳಲೆಂದು ಬಾಯಿ ತೆರೆದು ಉಸಿರೆಳೆದುಕೊಂಡ. ಅವಳು ತಲೆ ತುಸು ವಾಲಿಸಿ, ವೈರ್‌ಲೆಸ್ಸಿಗೆ ಕಿವಿಗೊಟ್ಟು ಕೂರುತ್ತಿದ್ದ ಹಾಗೆ, ನಿಂತು ಕಾದಳು. ಕತ್ತಿನ ಬಟ್ಟೆ ಒಳಕ್ಕೆ ಹೋಯಿತು, ಹೊರಕ್ಕೆ ಬಂತು. ಅವನ ಬಾಯಿ ತೆರೆದೇ ಇತ್ತು. ಎಳೆದುಕೊಂಡ ಉಸಿರು ಹಾಗೇ ಉಳಿಯಿತು, ಅದರ ಹಿಂದೆ ಏನೂ ಬರಲಿಲ್ಲ. ಕೊನೆಗೆ ಅವಳು ಸ್ಲೇಟನ್ನು ಒರೆಸಿ, ಬಳಪವನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡು, ಆರಿದ ಚಹಾ ಕುಡಿಯಲು ಒಳಗೆ ಹೋದಳು.